ಕಾಂಡಿಯ ಪಾರಣೆ

ಹತ್ತು ದಿನ ಬರೀ ಕಾಯಿಸಿ ಆರಿಸಿದ ನೀರಿನ ಮೇಲಿದ್ದ ಮನುಷ್ಯ ಹನ್ನೊಂದನೆಯ ದಿನ ಪಾರಣೆಯ ಮಣೆಯ ಮೇಲಾದರೂ ಸಮಾಧಾನದಿಂದ ಕೂರಬೇಕಲ್ಲ? ಪದ್ಮಕುಮಾರರಿಗೆ ಕೂರಲಾಗಲಿಲ್ಲ. ಎದುರಿಗೆ ಬೆಳ್ಳಿ ಬಟ್ಟಲಲ್ಲಿ ಹೆಸರುಬೇಳೆಯ ಕಟ್ಟು, ಸುತ್ತ ಇಚಲಕರಂಜಿಯ ಅರ್ಧ ಜೈನ ಸಮಾಜ, ಕೊರಳಲ್ಲಿ ಚಂದನದ ಹಾರ. ಅವರು ಮಾತ್ರ ಒಮ್ಮೆ ಈ ಮೊಳಕಾಲು, ಒಮ್ಮೆ ಆ ಮೊಳಕಾಲು ಬದಲಿಸುತ್ತ, ಜೇಬಿನ ಮೇಲಿಂದ ಕೈ ತೆಗೆಯದೆ ಕೂತಿದ್ದರು. ಜೇಬಿನಲ್ಲಿ ಕಾರ್ಖಾನೆಯ ಕೀಲಿಕೈ ಇತ್ತು.

ತಾಸಿನ ಹಿಂದೆ ಮಲಕವ್ವನ ಫೋನು ಬಂದಿತ್ತು. ಮಲಕವ್ವ ಅವರ ಹನ್ನೆರಡು ಮಗ್ಗದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಕಾಂಡಿ ತುಂಬುವವಳು. ಕಾಂಡಿ ಎಂದರೆ ಗೇಣುದ್ದದ ಕಡ್ಡಿ. ಅದಕ್ಕೆ ನೂಲು ಸುತ್ತಿ ಲಾಳಿಯೊಳಗೆ ಕೂರಿಸುತ್ತಾರೆ. ಆ ಕಡ್ಡಿಯ ಹೆಸರನ್ನೇ ಅವಳು ಕಾರ್ಖಾನೆಯ ಬಾಗಿಲಲ್ಲಿ ಬಿದ್ದಿರುತ್ತಿದ್ದ ಒಂದು ಕಂದು ಹೆಣ್ಣುನಾಯಿಗೂ ಇಟ್ಟಿದ್ದಳು. ಜೈನರ ಈ ಉಪವಾಸದ ಪರ್ವದ ಹತ್ತು ದಿನ ಪದ್ಮಕುಮಾರರು ಮಗ್ಗ ಬಂದ್ ಇಡುವುದು ರೂಢಿ. ಮಗ್ಗದ ಕೆಳಗೆ ಇರುವೆ, ಹುಳ ಸಾಯುತ್ತವೆ, ವ್ರತದ ದಿನಗಳಲ್ಲಿ ಅದೂ ಬೇಡ ಎಂದು. ಕೆಲಸದವರೆಲ್ಲ ಊರಿಗೆ ಹೋಗಿದ್ದರು, ಮಲಕವ್ವ ಸುಳಕೂಡದ ತವರಿಗೆ. ಈಗ ತಿರುಗಿ ಬಂದು ರೊಟ್ಟಿ ಹಿಡಿದು ಓಣಿಯೆಲ್ಲ ಕೂಗಿದರೂ ನಾಯಿ ಬರಲಿಲ್ಲವಂತೆ.

"ಅಣ್ಣಾರ, ಕೀಲಿ ಹಾಕೂ ಮುಂದ ಒಳಗ ನೋಡಿದ್ರಿಲ್ಲ?" ಎಂದು ಕೇಳಿದ್ದಳು.

"ನೋಡೀನಿ," ಅಂದಿದ್ದರು ಪದ್ಮಕುಮಾರರು.

ನೋಡಿರಲಿಲ್ಲ. ಅದೇ ಪ್ರಶ್ನೆಯನ್ನು ಅವಳು ಕೀಲಿ ಹಾಕುವ ಸಂಜೆಯೇ ಬಸ್ಸಿಗೆ ಹೊರಡುತ್ತ ಕೇಳಿದ್ದಳು. ಬಸದಿಯ ಆರತಿಗೆ ಹೊತ್ತಾಗುತ್ತದೆಂದು ಆಗಲೂ ಇದೇ ಉತ್ತರ ಕೊಟ್ಟಿದ್ದರು. ಇಂಥ ಸಣ್ಣ ಸುಳ್ಳು ದಿನಕ್ಕೆ ಹತ್ತು ಹೇಳುತ್ತೇವೆ, ಯಾರ ಮನೆ ಮುಳುಗುತ್ತದೆ? ಹಾಗೆಂದುಕೊಂಡೇ ಹೇಳುವುದು ಎಲ್ಲರೂ.

ಪಾರಣೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಉಪವಾಸ ಮಾಡಿದವನಿಗೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಒಂದೊಂದು ಚಮಚ ಕುಡಿಸುತ್ತಾರೆ. ಮಾಡಿದವನಿಗಷ್ಟೇ ಅಲ್ಲ, ಅದನ್ನು ಮೆಚ್ಚಿದವನಿಗೂ ಪುಣ್ಯದಲ್ಲಿ ಪಾಲುಂಟು. ಅದಕ್ಕೆ ಅನುಮೋದನೆ ಎನ್ನುತ್ತಾರೆ. ಅರವತ್ತು ಜನ ಬಂದರೆ ಅರವತ್ತು ಚಮಚ. ಆದರೆ ಪದ್ಮಕುಮಾರರ ಹೆಂಡತಿ ಶಾಲನಬಾಯಿಯ ಮುಂದೆ ಆ ಆಟ ನಡೆಯುತ್ತಿರಲಿಲ್ಲ. ಆಕೆಯ ಸೋದರಮಾವನಿಗೆ ಹಿಂದೊಮ್ಮೆ ಇದೇ ರೀತಿ ಪ್ರೀತಿಯಿಂದ ರವೆ-ಸಕ್ಕರೆಯ ಶಿರಾ ತಿನ್ನಿಸಿ ತಿನ್ನಿಸಿ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಅಂದಿನಿಂದ ಹನ್ನೊಂದನೆಯ ಚಮಚಕ್ಕೆ ಶಾಲನಬಾಯಿಯ ಅಂಗೈ ಬಟ್ಟಲಿನ ಮೇಲೆ ಮುಚ್ಚಳದಂತೆ ಬೀಳುತ್ತಿತ್ತು. ಯಾರು ಮುನಿಸಿಕೊಂಡರೂ ಆಕೆ ಕೈ ತೆಗೆಯುತ್ತಿರಲಿಲ್ಲ.

ಅಂದೂ ಕೈ ಬಿತ್ತು. ಪದ್ಮಕುಮಾರರು ಅದಕ್ಕೇ ಕಾದವರಂತೆ ಎದ್ದರು. ಇನ್ನೂ ಆಶೀರ್ವಾದ ಬೇಡುವವರು ಸಾಲಾಗಿ ನಿಂತಿದ್ದರು. ಬಂದೆ, ಒಂದು ಹತ್ತು ಮಿನಿಟು ಎನ್ನುತ್ತ ಹಾರ ತೆಗೆದು ಮೊಳೆಗೆ ಹಾಕಿ, ರಿಕ್ಷಾ ಹತ್ತಿದರು.

ಮಲಕವ್ವ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದಳು. ಅಕ್ಕಪಕ್ಕದ ಶೆಡ್ಡುಗಳಲ್ಲಿ ಮಗ್ಗಗಳು ಖಟಾಖಟ ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಮನುಷ್ಯ ಕೂಗಿದರೂ ಕೇಳುವುದಿಲ್ಲ, ನಾಯಿ ಕೂಗಿದ್ದು ಯಾರಿಗೆ ಕೇಳೀತು? ಪದ್ಮಕುಮಾರರ ಕೈಯಿಂದ ಕೀಲಿಕೈ ಎರಡು ಸಲ ಕೆಳಗೆ ಬಿತ್ತು. ಮೂರನೆಯ ಸಲ ಮಲಕವ್ವನೇ ತೆಗೆದಳು.

ಬಾಗಿಲಿನ ಒಳಮೈಯಲ್ಲಿ ಗೇಣು ಎತ್ತರದವರೆಗೆ ಬಣ್ಣ ಕಿತ್ತು ಹೋಗಿತ್ತು. ಮಗ್ಗಗಳ ಚರ್ಮದ ಪಟ್ಟಿಗಳನ್ನು ಕಚ್ಚಿ ತಿಂದ ಗುರುತುಗಳಿದ್ದವು. ಮೂಲೆಯ ನಳ ಎಂದಿನಂತೆ ತೊಟ್ಟಿಕ್ಕುತ್ತಿತ್ತು. ಮೂರು ವರ್ಷದಿಂದ ಅದನ್ನು ರಿಪೇರಿ ಮಾಡಿಸುತ್ತೇನೆಂದು ಹೇಳುತ್ತಲೇ ಬಂದ ಅವರ ಆಲಸ್ಯ ಒಂದೇ ಆ ಹತ್ತು ದಿನದಲ್ಲಿ ಮಾಡಿದ ಪುಣ್ಯದ ಕೆಲಸ. ನಳದ ಬುಡದಲ್ಲಿ, ಹತ್ತಿಯ ಕಸದ ರಾಶಿಯ ಮೇಲೆ ಕಾಂಡಿ ಬಿದ್ದಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಮಲಕವ್ವನ ದನಿ ಕೇಳಿ ಬಾಲ ಒಂದೇ ಒಂದು ಸಲ ಅಲುಗಿತು.

ಅವಳು ಅಳುತ್ತಲೇ ಸೆರಗಿನ ಗಂಟು ಬಿಚ್ಚಿ ರೊಟ್ಟಿ ಮುರಿಯತೊಡಗಿದಳು. ಪದ್ಮಕುಮಾರರಿಗೆ ಏನನ್ನಿಸಿತೋ, ಗಬಕ್ಕನೆ ಅವಳ ಕೈಗೂ ನಾಯಿಯ ಬಾಯಿಗೂ ನಡುವೆ ಅಂಗೈ ಅಡ್ಡ ಹಿಡಿದರು. ಆ ಹೊತ್ತಿಗೆ ಅದು ಅವರ ಕೈಯಾಗಿರಲಿಲ್ಲ, ಶಾಲನಬಾಯಿಯದಾಗಿತ್ತು.

ಪಶುವೈದ್ಯ ಅವಧೂತ ಅರ್ಧ ತಾಸಿನಲ್ಲಿ ಬಂದ. ಕೊಲ್ಹಾಪುರದ ಹುಡುಗ, ಮರಾಠಿ ಮನೆಮಾತಾದರೂ ಇಲ್ಲಿಯ ಕನ್ನಡ ಚೆನ್ನಾಗಿ ಬರುತ್ತಿತ್ತು. ರಕ್ತ ತೆಗೆದ, ಒಂದು ಸೂಜಿ ಚುಚ್ಚಿದ, ನೂಲಿನ ಚೀಲ ತೂಗುವ ಕಾಟಾದ ಮೇಲೆ ನಾಯಿಯನ್ನು ಮಲಗಿಸಿದ. ಒಂಬತ್ತು ಕಿಲೋ ಇನ್ನೂರು ಗ್ರಾಂ. ಹದಿನಾರು ಇರಬೇಕಾದ ನಾಯಿ. ರೊಟ್ಟಿ ಕೊಡದೆ ಇದ್ದದ್ದು ಒಳ್ಳೆಯದಾಯಿತು ಎಂದವನು ಹೇಳಿದಾಗ ಪದ್ಮಕುಮಾರರಿಗೆ ಆ ದಿನ ಮೊದಲ ಸಲ ಉಸಿರು ಸಲೀಸಾಯಿತು.

"ಕಾಕಾ, ಹತ್ತು ದಿವಸ ಖಾಲಿ ಇದ್ದ ಮೈ ಇದು. ಒಮ್ಮೆಲೇ ತುಂಬಿದ್ರ ಹೊಟ್ಟಿ ತಡಕೋತೈತಿ, ಎದಿ ತಡಕೊಳ್ಳೂದಿಲ್ಲ. ಥೋಡ ಥೋಡ, ದಿವಸಕ್ಕ ಆರು ಸಲ. ಸಿಹಿ ಅಂತೂ ತೋರಸಬ್ಯಾಡ್ರಿ," ಎಂದ. ಮೊದಲ ದಿನಗಳಲ್ಲಿ ಅದಕ್ಕೆ ಬೇಕಾದದ್ದರ ಕಾಲುಭಾಗ ಮಾತ್ರ, ಆಮೇಲೆ ದಿನದಿನಕ್ಕೆ ಸ್ವಲ್ಪ ಏರಿಸುತ್ತ ಹತ್ತು ದಿನಕ್ಕೆ ಪೂರ್ತಿ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ, ಬೇಯಿಸಿದ ತತ್ತಿಯ ಚೂರು. ಜಂತಿನ ಔಷಧ ಈಗಲೇ ಬೇಡ, ನಿಲ್ಲುವಷ್ಟು ಶಕ್ತಿ ಬರಲಿ. ತತ್ತಿ ಎಂದ ಕೂಡಲೇ ಪದ್ಮಕುಮಾರರು ಕಿವಿ ಕೇಳದವರಂತೆ ನಳದ ಕಡೆ ತಿರುಗಿದರು. ಅದು ನನ್ನ ಮನೆಯಿಂದ ಬರತೈತಿ ಎಂದು ಮಲಕವ್ವ ಸನ್ನೆಯಲ್ಲೇ ಹೇಳಿದಳು. ನಾಯಿ ಒಳಗೆ ಹೇಗೆ ಸಿಕ್ಕಿಕೊಂಡಿತೆಂದು ಅವಧೂತ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಪದ್ಮಕುಮಾರರು ಜೇಬು ಮುಟ್ಟಿಕೊಂಡರು. ಮಲಕವ್ವ ಅವರ ಮುಖ ನೋಡಿದಳು, ಏನೂ ಹೇಳಲಿಲ್ಲ.

ಹೇಳಿದ್ದರೆ ಚೆನ್ನಾಗಿತ್ತು. ಬೈದುಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಮನೆಗೆ ಬಂದಾಗ ಸೊಸೆ ಋತುಜಾ ಎಲ್ಲಿ ಹೋಗಿದ್ದಿರೆಂದು ಕೇಳಿದಳು. ನಾಯಿಯ ವಿಷಯ ಹೇಳಲೇಬೇಕಾಯಿತು. "ಅಯ್ಯ, ಹತ್ತೂ ದಿವಸ ಒಳಗ ಇತ್ತೇನ್ರಿ ಮಾಮಾ?" ಎಂದಳು. "ಹೂಂ. ಹತ್ತು ದಿವಸ ಉಪಾಸ ಇತ್ತು," ಎಂದರು ಇವರು.

ನೋಡಿ, ಉಪಾಸ ಎಂಬ ಮಾತಿಗೆ ನಮ್ಮ ಕಡೆ ಎರಡು ಬಾಗಿಲು. ಬಸದಿಗೆ ಹೋಗುವವರ ಮನೆಯಲ್ಲಿ ಅದು ವ್ರತ. ದುಡಿದು ತಿನ್ನುವವರ ಮನೆಯಲ್ಲಿ, ಒಲೆ ಹೊತ್ತಿಲ್ಲ ಎಂದರ್ಥ. ಪದ್ಮಕುಮಾರರು ಒಂದು ಬಾಗಿಲಿನಿಂದ ಹೇಳಿದರು, ಋತುಜಾ ಇನ್ನೊಂದರಿಂದ ಕೇಳಿಸಿಕೊಂಡಳು. ಅವಳ ಕಣ್ಣಲ್ಲಿ ನೀರಾಡಿತು. ನಿಮ್ಮ ಸಂಗಡ ಆ ಮೂಕಪ್ರಾಣಿಯೂ ವ್ರತ ಹಿಡಿಯಿತಲ್ಲ, ಎಂಥ ಜೀವ ಎಂದಳು. ಇಲ್ಲವ್ವ, ಹಾಗಲ್ಲ ಎನ್ನಲು ಬಾಯಿ ತೆರೆದವರು, ಮೊಳೆಗೆ ತೂಗಿದ್ದ ಚಂದನದ ಹಾರ ಕಣ್ಣಿಗೆ ಬಿದ್ದು ಬಾಯಿ ಮುಚ್ಚಿದರು.

ಸಂಜೆಯೊಳಗೆ ಸಮಾಜದ ವಾಟ್ಸಾಪ್ ಗುಂಪಿನಲ್ಲೆಲ್ಲ ಉಪವಾಸದ ನಾಯಿಯ ಸುದ್ದಿ. ಮರುದಿನ ಮಗ್ಗ ಶುರುವಾದವು, ಅದರ ಜೊತೆ ಜನರ ಯಾತ್ರೆಯೂ ಶುರುವಾಯಿತು. ಬಾಗಿಲಿಗೆ ಕೀಲಿ ಹಾಕಿ ಜನರನ್ನು ತಡೆಯಬಹುದಿತ್ತು. ಆದರೆ ಆ ನಾಯಿ ಒಳಗಿರುವಾಗ ಕೀಲಿ ಮುಟ್ಟಲು ಪದ್ಮಕುಮಾರರಿಗೆ ಕೈ ಬರಲಿಲ್ಲ. ಜಯಸಿಂಗಪುರದಿಂದ ಒಂದು ಕಾರು ತುಂಬ ಹೆಂಗಸರು ಬಂದರು. ಗಡಹಿಂಗ್ಲಜದಿಂದ ಅವರ ಬೀಗರು ಬಂದರು. ಬಂದವರೆಲ್ಲ ನೂಲಿನ ಕೋಣೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ ಕಾಂಡಿಗೆ ಕೈಮುಗಿದು, ಫೋಟೋ ತೆಗೆದು, ಹೊರಗೆ ಬಂದು ಪದ್ಮಕುಮಾರರ ಕಾಲಿಗೆ ಬೀಳುತ್ತಿದ್ದರು. ಅವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಅದನ್ನೂ ಜನ ವಿನಯವೆಂದು ಹೊಗಳಿದರು.

ಅವರಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮನೆಯಲ್ಲಿದ್ದರೆ ಕಾರ್ಖಾನೆಗೆ ಓಡಬೇಕು, ಕಾರ್ಖಾನೆಯಲ್ಲಿದ್ದರೆ ಮನೆಗೆ ಓಡಬೇಕು. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಕಲಿತದ್ದು ಬೇಡವೆಂದರೂ ನೆನಪಾಗುತ್ತಿತ್ತು: ತಾನು ಮಾಡಿದ ಹಿಂಸೆ, ಮಾಡಿಸಿದ ಹಿಂಸೆ, ಸುಮ್ಮನೆ ಒಪ್ಪಿದ ಹಿಂಸೆ, ಮೂರೂ ಹಿಂಸೆಯೇ. ಈ ನಾಯಿ ಬದುಕಿಬಿಟ್ಟರೆ ಎಲ್ಲ ಮುಚ್ಚಿ ಹೋಗುತ್ತದೆ, ಸತ್ತರೆ ಹತ್ತು ದಿನದ ವ್ರತ ಬೂದಿ. ಅದಕ್ಕೇ ತಾಸಿಗೊಮ್ಮೆ ಹೋಗಿ ಅದರ ಹೊಟ್ಟೆ ಏರಿಳಿಯುವುದನ್ನು ನೋಡಿ ಬರುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಮಲಕವ್ವ ಕಾಂಡಿ ಮಷೀನು ನಿಲ್ಲಿಸಿ ಅವರ ಹತ್ತಿರ ಬಂದಳು. ಅಷ್ಟು ವರ್ಷದಲ್ಲಿ ಅವಳು ಕೆಲಸದ ನಡುವೆ ಮಷೀನು ನಿಲ್ಲಿಸಿದ್ದು ಅವರು ನೋಡಿರಲಿಲ್ಲ.

"ಅಣ್ಣಾರ, ನಾನೂ ಉಪಾಸ ಕಂಡಾಕೀನ. ಉಪಾಸ ಇರೂದು ಬ್ಯಾರೆ, ಉಪಾಸ ಬೀಳೂದು ಬ್ಯಾರೆ. ಅದಕ್ಕ ಯಾರೂ ಕೈ ಮುಗಿಯೂದು ಬ್ಯಾಡ್ರಿ."

ಅವರು ನೆಲ ನೋಡುತ್ತ, ಜನ ಎಂದ ಮೇಲೆ ಏನೋ ಒಂದು ಅಂತಾರ, ನಾಲ್ಕು ದಿನ ಆದರೆ ಮರೀತಾರ ಎಂದು ಗೊಣಗಿದರು. ಅವಳು ಮತ್ತೆ ಹೋಗಿ ಮಷೀನಿಗೆ ಕೂತಳು. ಅಂದು ಅವಳು ತುಂಬಿದ ಕಾಂಡಿಗಳಲ್ಲಿ ನೂಲು ಪದೇ ಪದೇ ಹರಿಯಿತು.

ಮೂರನೆಯ ದಿನ ಹೊತ್ತು ಇಳಿಯುವ ಮುಂಚೆ ಕಾಂಡಿಯ ಕಾಲುಗಳು ಸೆಟೆದವು. ಎದ್ದು ನಿಲ್ಲಲು ಹೋಗಿ ಪಕ್ಕಕ್ಕೆ ಬಿತ್ತು, ಕತ್ತು ಹಿಂದಕ್ಕೆ ವಾಲಿ ಮೈಯೆಲ್ಲ ಅದುರಿತು. ಅವಧೂತ ಓಡಿ ಬಂದು ಸಲೈನ್ ಹಚ್ಚಿದ, ಎದೆಗೆ ಕಿವಿಯಿಟ್ಟ, ಕೆಟ್ಟ ಮುಖ ಮಾಡಿದ. ಯಾರು ಏನು ಹಾಕಿದಿರಿ ಎಂದು ಗದರಿದ. ಮಲಕವ್ವ ಅವನು ಹೇಳಿದ ಅಳತೆಗೆ ಒಂದು ತುತ್ತು ಹೆಚ್ಚು ಹಾಕಿಲ್ಲವೆಂದು ಆಣೆ ಮಾಡಿದಳು. ಆಗ ಗೋಣಿಚೀಲದ ಹಿಂದೆ ಸಿಕ್ಕಿತು ಒಂದು ಎಲೆಯ ದ್ರೋಣದಲ್ಲಿ ಅಂಟಿದ ಶಿರಾ, ಇನ್ನೊಂದರಲ್ಲಿ ಬೂಂದಿ ಲಾಡಿನ ಪುಡಿ, ಒಂದು ಸ್ಟೀಲಿನ ವಾಟಿಯಲ್ಲಿ ಕೇಸರಿ ಹಾಕಿದ ಹಾಲು.

ಮನೆಯಿಂದ ಓಡಿಬಂದ ಋತುಜಾ ಅಳುತ್ತ ಹೇಳಿದಳು, ತಾನು ಒಂದೇ ಚಮಚ ಕುಡಿಸಿದ್ದು, ಪಾರಣೆಯ ಪದ್ಧತಿಯೆಂದು. ಗಡಹಿಂಗ್ಲಜದ ಬೀಗರಿಗೆ ಫೋನು ಹೋಯಿತು. ಅವರೂ ಒಂದೇ ಚಮಚ. ಜಯಸಿಂಗಪುರದ ಹೆಂಗಸರೂ ತಲೆಗೊಂದೇ. ಯಾರೂ ಹೆಚ್ಚು ಹಾಕಿರಲಿಲ್ಲ. ಹನಿಹನಿಗೂಡಿದರೆ ಹಳ್ಳ ಎಂದು ಗಾದೆ ಮಾಡಿಟ್ಟ ಜನ ನಾವು, ಚಮಚ ಚಮಚ ಕೂಡಿದರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಉಪವಾಸ ಮಾಡಿದವರಿಗೆ ಪಾರಣೆ ಮಾಡಿಸಿ ಪುಣ್ಯದ ಪಾಲು ತೆಗೆದುಕೊಂಡು ಹೋಗಿದ್ದರು, ಅಷ್ಟೇ.

ನಾಳೆಯವರೆಗೆ ತಡೆದರೆ ಉಳಿಯುತ್ತದೆ ಎಂದ ಅವಧೂತ. ಇನ್ನೊಂದು ಚಮಚ ಸಿಹಿ ಒಳಗೆ ಹೋದರೆ ತನ್ನನ್ನು ಕರೆಯುವುದು ಬೇಡ ಎಂದೂ ಹೇಳಿದ.

ಪದ್ಮಕುಮಾರರು ಬಾಗಿಲಲ್ಲಿ ನಿಂತರು. ಅದೇ ಹೊತ್ತಿಗೆ ನೋಡಿ, ಎರಡು ಕಾರು ಬಂದು ನಿಂತವು. ಸಮಾಜದ ಮಂಡಳಿಯ ರಾಜಕುಮಾರ, ಜೊತೆಗೆ ಹತ್ತು ಹನ್ನೆರಡು ಜನ. ಬಸದಿಯಲ್ಲಿ ಸತ್ಕಾರ ಇಟ್ಟುಕೊಂಡಿದ್ದರೂ, ಇಬ್ಬರು ಉಪವಾಸಿಗಳನ್ನೂ ಕೂಡಿಸಿ ಇಲ್ಲೇ ಶಾಲು ಹೊದಿಸೋಣ ಎಂದು ಬಂದಿದ್ದರು. ಒಂದು ತಾಟಿನಲ್ಲಿ ದೊಡ್ಡ ಶಾಲು, ಸಣ್ಣ ಶಾಲು, ಅದರ ಪಕ್ಕ ಬಿಸಿ ಶಿರಾದ ಬಟ್ಟಲು.

ಡಾಕ್ಟರು ಬೇಡವೆಂದಿದ್ದಾರೆ ಎಂದರು ಪದ್ಮಕುಮಾರರು. ಒಂದು ಚಮಚ ಪ್ರಸಾದಕ್ಕೆ ಏನಾಗುತ್ತದೆ ಎಂದು ನಕ್ಕ ರಾಜಕುಮಾರ, ತಾಟು ಹಿಡಿದು ಒಳಗೆ ಕಾಲಿಟ್ಟ. ಅವನ ಹಿಂದೆ ಉಳಿದವರೂ ಚಪ್ಪಲಿ ಬಿಟ್ಟರು. ನೂಲಿನ ಕೋಣೆಯಿಂದ ಮಲಕವ್ವ ಇವರ ಕಡೆ ನೋಡುತ್ತಿದ್ದಳು. ಇನ್ನು ಬೇರೆ ದಾರಿ ಇರಲಿಲ್ಲ. ಪದ್ಮಕುಮಾರರು ಅಂಗೈ ಚಾಚಿ ಶಿರಾದ ಬಟ್ಟಲಿನ ಮೇಲೆ ಇಟ್ಟರು. ಬಿಸಿ ಸುಟ್ಟಿತು, ಆದರೂ ತೆಗೆಯಲಿಲ್ಲ.

"ರಾಜಕುಮಾರ, ಶಾಲು ಮಡಚಿ ಇಡಪಾ. ಈ ನಾಯಿ ಉಪಾಸ ಮಾಡಿಲ್ಲ. ನಾ ಒಳಗ ನೋಡಲಾರದ ಕೀಲಿ ಹಾಕಿದೆ, ಅದು ಉಪಾಸ ಬಿತ್ತು. ಆ ಬಾಗಲದ ಹಿಂದ ನೋಡು, ಉಗುರು ಕಿತ್ತು ಹೋಗೂತನಕ ಕೆರದೈತಿ. ನಾ ಆಗ ಬಸದ್ಯಾಗ ಜೀವದಯಾದ ಮ್ಯಾಲ ಪ್ರವಚನ ಕೇಳ್ಕೋತ ಕೂತಿದ್ದೆ."

ಮಗ್ಗಗಳ ಸದ್ದಿನಲ್ಲೂ ಎಲ್ಲರಿಗೂ ಕೇಳಿಸಿತು. ರಾಜಕುಮಾರ ಒಳ್ಳೆಯ ಮನುಷ್ಯ. ತಡವರಿಸಿ, ಗೊತ್ತಿಲ್ಲದೆ ಆದದ್ದಕ್ಕೆ ಅಷ್ಟು ದೋಷವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ.

"ನೋಡೀನಿ ಅಂತ ಮಲಕವ್ವಗ ಎರಡ ಸಲ ಸುಳ್ಳ ಹೇಳೀನಿ. ಅದು ಗೊತ್ತಿದ್ದ ಹೇಳಿದ್ದು. ನೀವೆಲ್ಲಾ ಇದಕ್ಕ ಕೈ ಮುಗಿಯೂ ಮುಂದ ಸುಮ್ಮನ ನಿಂತೆ, ಅದೂ ಗೊತ್ತಿದ್ದ."

ಒಬ್ಬಾತ ಬಾಗಿಲಿನ ಹಿಂಬದಿ ನೋಡಿ ಬಂದು ಚಪ್ಪಲಿ ಹಾಕಿಕೊಂಡ. ಉಳಿದವರೂ ಹಾಕಿಕೊಂಡರು. ಶಾಲು, ಶಿರಾ ಎಲ್ಲ ಬಂದ ಕಾರಿನಲ್ಲೇ ಹಿಂದಿರುಗಿದವು. ಪದ್ಮಕುಮಾರರ ಅಂಗೈಯಲ್ಲಿ ದುಂಡಗೆ ಕೆಂಪು ಗುರುತು ಬಿದ್ದಿತ್ತು. ಮಲಕವ್ವ ನಳದ ಕೆಳಗೆ ಹಿಡಿಯಲು ಹೇಳಿದಳು.

ಅಂದು ಕತ್ತಲಾಗಿ ಮನೆಗೆ ಹೋಗುವಷ್ಟರಲ್ಲಿ ಮಾತು ಅವರಿಗಿಂತ ಮೊದಲೇ ಮನೆ ಸೇರಿತ್ತು. ಶಾಲನಬಾಯಿ ಒಂದು ಮಾತೂ ಆಡಲಿಲ್ಲ. ಮೊಳೆಯ ಮೇಲಿನ ಹಾರ ಕಾಣಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಬೈಯದೆ ಇದ್ದದ್ದು ಅದೇ ಮೊದಲು, ಪದ್ಮಕುಮಾರರಿಗೆ ಅದು ಬೈದದ್ದಕ್ಕಿಂತ ಹೆಚ್ಚು ನೋಯಿಸಿತು.

ಬೆಳಿಗ್ಗೆ ಅವರು ಕಾರ್ಖಾನೆಗೆ ಬಂದಾಗ ಕಾಂಡಿ ಕಣ್ಣು ತೆರೆದಿತ್ತು. ತಾಸೊಪ್ಪತ್ತಿನಲ್ಲಿ ಒಂದು ರಿಕ್ಷಾ ಬಂದು ನಿಂತು, ಅದರಿಂದ ಶಾಲನಬಾಯಿ ಇಳಿದರು. ನಾಯಿಯ ನೆರಳು ಹೊಸ್ತಿಲಿಗೆ ಬಿದ್ದರೂ ನೀರು ಹಾಕಿ ತೊಳೆಯುವ ಹೆಂಗಸು. ಕೈಯಲ್ಲಿ ಹೆಸರುಬೇಳೆ ಗಂಜಿಯ ಡಬ್ಬಿ, ಮತ್ತೆ ಗಂಡನ ಪಾರಣೆಯ ಅದೇ ಬೆಳ್ಳಿ ಚಮಚ. ಬಾಗಿಲಿಗೆ ಅಡ್ಡ ಒಂದು ನೂಲಿನ ಚೀಲ ಎಳೆಸಿಕೊಂಡು ಅದರ ಮೇಲೆ ಕೂತರು.

"ಮಲಕವ್ವಾ, ಎಷ್ಟ ಚಮಚ ಹಾಕಬೇಕು ಅಷ್ಟ ಹೇಳು. ಇನ್ನ ಇಂದ್ರ ಬಂದ್ರೂ ಈ ಬಾಗಲಾ ದಾಟಸೂದಿಲ್ಲ," ಎಂದರು. ಗಂಡನ ಕಡೆ ನೋಡಲಿಲ್ಲ. ಆದರೆ ಡಬ್ಬಿಯ ಕೆಳಗಿನ ಖಾನೆಯಲ್ಲಿ ಗಂಡನಿಗೂ ಗಂಜಿ ತಂದಿದ್ದರು.

ಅವರು ಹದಿನೈದು ದಿನ ಆ ಚೀಲದಿಂದ ಏಳಲಿಲ್ಲವೆಂದೇ ಹೇಳಬೇಕು. ಹಗಲಿನ ನಾಲ್ಕು ಪಾಳಿ ಅವರದು, ಹೊತ್ತು ಮುಳುಗಿದ ಮೇಲಿನ ಎರಡು ಮಲಕವ್ವನದು. ತತ್ತಿಯ ಚೂರು ಬೀಳುವಾಗ ಶಾಲನಬಾಯಿ ಹೊರಗೆ ಹೋಗಿ ಹೂವಿನ ಗಿಡವಿಲ್ಲದ ಗೋಡೆಯನ್ನು ನೋಡುತ್ತ ನಿಲ್ಲುತ್ತಿದ್ದರು. ಎರಡು ಚಮಚ ಮೂರಾಯಿತು, ಮೂರು ಆರಾಯಿತು, ಆಮೇಲೆ ಒಂದು ವಾಟಿ. ಕಾಟಾದ ಮುಳ್ಳು ಮೊದಲು ಹಿಂದಕ್ಕೆ ಹೋಗಿ ಎಲ್ಲರ ಜೀವ ತಿಂದಿತು, ಒಂಬತ್ತರಲ್ಲೇ ನಾಲ್ಕು ದಿನ ನಿಂತಿತು, ಆಮೇಲೆ ಮೆಲ್ಲಗೆ ಮೇಲೇರಿತು. ಕಾಂಡಿಗೆ ನೂಲು ಸುತ್ತುವುದೂ ಹೀಗೇ ಅಣ್ಣಾರ, ಅವಸರ ಮಾಡಿದರೆ ಹರಿಯುತ್ತದೆ ಎಂದಳು ಮಲಕವ್ವ. ಪದ್ಮಕುಮಾರರು ಮಾತ್ರ ದಿನಕ್ಕೆ ಮೂರು ಸಲ ತೂಗಲು ಹೋಗಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದರು. ಬೈಗುಳ ಮರಳಿ ಬಂದದ್ದೇ ಅವರಿಗೆ ದೊಡ್ಡ ಸಮಾಧಾನ.

ದೀಪಾವಳಿಗೆ ಮಗ್ಗ ನಿಲ್ಲಿಸುವ ದಿನ ಕಾಂಡಿ ಹದಿನಾಲ್ಕು ಕಿಲೋ ತೂಗಿತು. ಕೆಲಸದವರೆಲ್ಲ ಊರಿಗೆ ಹೊರಟರು. ಮಲಕವ್ವ ಸುಳಕೂಡದ ಬಸ್ಸಿಗೆ ಚೀಲ ಹಿಡಿದು ನಿಂತಳು. ಅವಳು ಬರುವತನಕ ನಾಯಿ ಪದ್ಮಕುಮಾರರ ಮನೆಯ ಅಂಗಳದಲ್ಲಿ ಇರುವುದೆಂದು ಶಾಲನಬಾಯಿಯೇ ತೀರ್ಮಾನ ಮಾಡಿದ್ದರು. ಪದ್ಮಕುಮಾರರು ಬ್ಯಾಟರಿ ಹಿಡಿದು ಹನ್ನೆರಡು ಮಗ್ಗದ ಕೆಳಗೂ ಬಗ್ಗಿ ನೋಡಿದರು, ನೂಲಿನ ಕೋಣೆ ನೋಡಿದರು, ಚೀಲಗಳನ್ನು ಸರಿಸಿ ನೋಡಿದರು. ನಳ ಇನ್ನೂ ತೊಟ್ಟಿಕ್ಕುತ್ತಿತ್ತು, ಅದನ್ನು ಹಾಗೇ ಬಿಟ್ಟರು. ಹೊರಗೆ ಬಂದು ಕೀಲಿ ಹಾಕಿದರು. ಕಾಂಡಿ ಇಬ್ಬರ ನಡುವೆ ಮೆಟ್ಟಿಲ ಮೇಲೆ ಕೂತು ಬಾಲ ಬಡಿಯುತ್ತಿತ್ತು.

ಮಲಕವ್ವ ನಗುತ್ತ, ಕಾಡಿಸಲೆಂದೇ ಕೇಳಿದಳು: "ಅಣ್ಣಾರ, ಒಳಗ ನೋಡಿದ್ರಿಲ್ಲ?"

ಪದ್ಮಕುಮಾರರು ನಗಲಿಲ್ಲ. ಕಣ್ಣೆದುರು ಕೂತ ನಾಯಿಯನ್ನು ಒಮ್ಮೆ ನೋಡಿದರು. ಕೀಲಿ ತಿರುಗಿ ತೆಗೆದು, ಬಾಗಿಲು ಪೂರ್ತಿ ಸರಿಸಿ, ಬ್ಯಾಟರಿಯನ್ನು ಅವಳ ಕೈಗೆ ಕೊಟ್ಟರು.

"ನೀನೂ ಒಮ್ಮೆ ನೋಡಿ ಬಾರವ್ವಾ," ಎಂದರು.